ಕಡ್ಡಿ ಇಟ್ಟ ಪುಟ

ಆ ಶ್ರಾವಣದಾಗ ಯಾರರೆ ಬಂದು "ಈಗ ಏನ ಓದಾಕತ್ತೀರಿ" ಅಂತ ಕೇಳಿದ್ರ ಸಾಕು, ನನಗ ಅಂಗಾಲಿಂದ ನೆತ್ತಿತನಕ ಉರೀತಿತ್ತು. ಕೇಳೋರದೇನೂ ತಪ್ಪಿರಲಿಲ್ಲ. ರೋಣದಾಗ ನಮ್ಮ ಓಣಿ ಮಂದಿಗೆ ನಾ ಅಂದ್ರ ಪುಸ್ತಕದಾಕಿ. ಗದಗ ಬಸ್ಸು ಬರೂತನಕ ಸ್ಟ್ಯಾಂಡಿನ್ಯಾಗ ನಿಂತು ಓದಾಕಿ, ಲಗ್ನದ ಮನ್ಯಾಗ ಅಕ್ಕಿಕಾಳು ಕೈಯಾಗ ಹಿಡಕೊಂಡು ಓದಾಕಿ, ದವಾಖಾನ್ಯಾಗ ಪಾಳಿ ಬಂದ್ರೂ ಏಳದ ಓದಾಕಿ. ಅಂಥಾಕಿಗೆ ಹಿಂದಿನ ದೀಪಾವಳಿ ಮುಗದ ಮ್ಯಾಲ ಓದು ನಿಂತ ಹೋಗಿತ್ತು. ಯಾಕ ಅಂತ ಕೇಳಬ್ಯಾಡ್ರಿ. ಮನ್ಯಾಗ ಯಾರೂ ಸತ್ತಿರಲಿಲ್ಲ, ನನಗ ಜಡ್ಡಾಗಿರಲಿಲ್ಲ, ಚಷ್ಮಾದ ನಂಬರ್ ಸೈತ ಬದಲಾಗಿರಲಿಲ್ಲ. ಒಂದಿನ ಪುಸ್ತಕ ತಗದೆ, ನಾಕ ಸಾಲ ಓದಿದೆ, ಐದನೇ ಸಾಲಿಗೆ ಬರೂದ್ರಾಗ ಮೊದಲನೇದು ಮರತಿತ್ತು. ಮರುದಿನಾನೂ ಹಂಗ ಆತು. ಅದರ ಮರುದಿನಾನೂ ಹಂಗ. ಕಣ್ಣು ಸಾಲಿನ ಮ್ಯಾಲ ಓಡತಿದ್ದುವು, ತಲಿ ಮಾತ್ರ ಜೋಡಿ ಬರತಿರಲಿಲ್ಲ.

ನಮ್ಮ ಮನಿಯವರಿಗೆ ಹೇಳಿದೆ. ಅವರು ಕಡ್ಲಿ, ಹೆಸರಿನ ವ್ಯಾಪಾರಸ್ಥರು, ರೋಣದ ಮಾರ್ಕೆಟ್ಟು ನರಗುಂದದ ಮಾರ್ಕೆಟ್ಟು ಸುತ್ತೂದ್ರಾಗ ಅವರ ದಿನಾ ಮುಗೀತೈತಿ. "ಫೋನಿನ್ಯಾಗ ಹಚ್ಚು, ಈಗ ಅದ ಓದಿ ಹೇಳ್ತೈತಂತ" ಅಂದ್ರು. ಫೋನಿನ ಹೆಸರು ತಗದಿದ್ದಕ್ಕ ಇನ್ನೂ ಸಿಟ್ಟು ಬಂತು. ನನ್ನ ತಲಿ ಅರ್ಧ ಹಾಳ ಮಾಡಿದ್ದ ಅದು. ಬಾಜೂ ಮನಿ ಕಾಲೇಜಿನ ಮೇಡಮ್ಮಾರು "ಸಣ್ಣ ಸಣ್ಣ ಪುಸ್ತಕ ಹಿಡೀರಿ, ರೂಢಿ ಆಗ್ತೈತಿ" ಅಂದ್ರು. ಮೂವತ್ತ ವರ್ಷ ಓದಿದಾಕಿಗೆ ರೂಢಿ ಮಾಡಸಾಕ ಬಂದಿದ್ರು. ಅವರಿಗೆ ಚಹಾ ಕೊಟ್ಟೆ, ಬಿಸ್ಕೀಟ್ ಕೊಡಲಿಲ್ಲ.

ನಮ್ಮ ಕಡೆ ಹೆಣ್ಮಕ್ಕಳು ಶ್ರಾವಣದಾಗ ಒಂದೊಂದು ನೇಮ ಹಿಡೀತಾರ. ಒಬ್ಬಾಕಿ ಉಳ್ಳಾಗಡ್ಡಿ ಬಿಡತಾಳ, ಒಬ್ಬಾಕಿ ದಿನಾ ಗುಡಿಗೆ ಹೋಗತಾಳ, ನಮ್ಮ ಅತ್ತಿ ತಿಂಗಳತನಕ ಒಪ್ಪತ್ತು ಉಣತಾರ. ನಾನೂ ಒಂದ ನೇಮ ಹಿಡದೆ, ಯಾರಿಗೂ ಹೇಳದ. ದಿನಾ ಇಪ್ಪತ್ತು ಪುಟಾ ಓದೂದು. ಮೊದಲನೇ ದಿನ ಮೂರು ಪುಟಾ ಆದುವು. ಎರಡನೇ ದಿನ ಎರಡು. ಮೂರನೇ ದಿನ ಫೋನು ಕಣ್ಣಿಗೆ ಬೀಳಬಾರದು ಅಂತ ಅದನ್ನ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಹುಗದಿಟ್ಟೆ. ಪುಸ್ತಕದ ಮುಂದ ಕುಂತು ತಾಸಗಟ್ಲೆ ಡಬ್ಬಿನ ನೋಡಿದೆ. ಚಾರ್ಜ್ ಹಚ್ಚೂ ತೂತಿನ್ಯಾಗ ಹಿಟ್ಟ ತುಂಬಿ ಫೋನು ಕೆಟ್ಟಿತು, ರಿಪೇರಿ ಅಂಗಡ್ಯಾಂವ ಮನಿಯವರ ಮುಂದ ನಕ್ಕಾನಂತ, ಅದಕ್ಕ ಅವರು ನನಗ ಬೈದ್ರು. ನಾನೂ ಬಿಡಲಿಲ್ಲ, ತಿರುಗಿ ಬೈದೆ. ನೇಮ ಅಲ್ಲಿಗೆ ಮುರೀತು.

ಓದು ಹೋದ್ರ ಹೋಗಲಿ, ಓಣ್ಯಾಗಿನ ಮಂದಿ ಓದದನ ಚಲೋ ಅದಾರಲ್ಲ ಅಂತ ಬಿಟ್ಟ ಬಿಡಬಹುದಿತ್ತು. ಬಿಡಾಕ ಬರದಂಗ ಮಾಡಿದ್ದು ನಮ್ಮ ಮಾವಾರು.

ನಮ್ಮ ಮನ್ಯಾಗ ಸೊಸಿ ಮಾವನ ಜೋಡಿ ಮಾತಾಡಂಗಿಲ್ಲ. ಈಗಿನ ಕಾಲದಾಗೂ ಇಂಥಾದ್ದೇನು ಅಂದ್ರ, ಹೌದ್ರಿ, ಐತಿ. ನಾ ಗಜೇಂದ್ರಗಡದ ಹುಡುಗಿ, ಮಗ್ಗದ ಮನಿಯಾಕಿ. ನಮ್ಮಪ್ಪನ ಜೋಡಿ ಬಾಯಿಗೆ ಬಾಯಿ ಹಚ್ಚಿ ಜಗಳಾಡಿ ಬೆಳದಾಕಿ. ಇಲ್ಲಿಗೆ ಬಂದ ಮ್ಯಾಲ ತಲಿ ಮ್ಯಾಲ ಸೆರಗು, ಬಾಗಲದ ಹಿಂದ ನಿಲ್ಲೂದು. ಮಾವಾರಿಗೆ ಏನರೆ ಹೇಳೂದಿದ್ರ ಅತ್ತಿಗೆ ಹೇಳಬೇಕು, ಅತ್ತಿ ಅವರಿಗೆ ಹೇಳತಾರ. ಎರಡ ಮಾರು ದೂರದಾಗ ಕುಂತು ನನ್ನ ಮಾತು ಕಿವಿಯಾರೆ ಕೇಳಿದ್ರೂ ಮಾವಾರು ಅದು ಅತ್ತಿ ಬಾಯಿಂದ ಬರೂತನಕ ಕಲ್ಲಿನಂಗ ಕುಂತಿರತಾರ. ಇಪ್ಪತ್ತೆರಡು ವರ್ಷ ಹಿಂಗ ನಡದೈತಿ.

ಮಾವಾರು ಭಾಳ ಓದೋರು. ಮುಂಜಾನೆ ಪೂಜಿ, ಆಮ್ಯಾಲ ಪಡಸಾಲಿ ಕುರ್ಚಿ ಮ್ಯಾಲ ಪುಸ್ತಕ, ಕೈಯಾಗ ಪೆನ್ಸಿಲ್. ಅಂಗಡಿ ಮಗನ ಕೈಗೆ ಕೊಟ್ಟ ಮ್ಯಾಲ ಅದ ಅವರ ಉದ್ಯೋಗ. ನಾ ಮದುವ್ಯಾಗಿ ಬಂದ ವರ್ಷ, ಟ್ರಂಕಿನ್ಯಾಗ ತಂದಿದ್ದ ಒಂದ ಪುಸ್ತಕನ ನಡುಮನಿ ಗ್ವಾಡ್ಯಾಗಿನ ದೀಪದ ಗೂಡಿನ್ಯಾಗ ಮರತು ಬಿಟ್ಟಿದ್ದೆ. ಮೂರನೇ ದಿನ ನೋಡತೇನಿ, ಅದಕ್ಕ ಖಾಕಿ ಹಾಳಿ ಹಾಕಿ, ಮ್ಯಾಲ ಚಂದಾಗಿ ಹೆಸರು ಬರದು, ಒಂದ ಪುಟದಾಗ ಉರದು ಉಳದಿದ್ದ ಊದಿನಕಡ್ಡಿ ತುಂಡು ಇಟ್ಟಾರ. ಆ ಪುಟಾ ತಗದ್ರ ಅಂಚಿನ್ಯಾಗ ಪೆನ್ಸಿಲಿನ ಗೆರಿ. ನನಗ ಭಾಳ ಸೇರಿದ್ದ ಮಾತಿಗೇನ ಗೆರಿ ಬಿದ್ದಿತ್ತು.

ಅಲ್ಲಿಂದ ಶುರು. ಅವರು ಓದಿದ್ದು ಗೂಡಿಗೆ ಬರತಿತ್ತು, ನಾ ಓದಿ ಅಲ್ಲೇ ಇಡತಿದ್ದೆ. ನನಗ ಯಾವ ಪುಟಾ ಸೇರತೈತೋ ಅಲ್ಲಿ ನನ್ನ ಕಡ್ಡಿ. ಅವರಿಗೂ ಸೇರಿದ್ರ ಗೆರಿ, ಸೇರಲಿಲ್ಲಂದ್ರ ಸಣ್ಣ ಅಕ್ಷರದಾಗ "ಸುಳ್ಳು" ಅಂತ ಬರೀತಿದ್ರು. ನಾ ಅದರ ಕೆಳಗ "ಖರೇನ ಐತಿ" ಅಂತ ಬರೀತಿದ್ದೆ. ಮುಂದಿನ ವಾರ ಅದಕ್ಕ ಜವಾಬು ಬರತಿತ್ತು. ಅತ್ತಿಗೆ ಓದಾಕ ಬರಂಗಿಲ್ಲ, ಮನಿಯವರಿಗೆ ಪುರಸೊತ್ತಿಲ್ಲ, ಹಿಂಗಾಗಿ ನಮ್ಮ ಜಗಳ ಯಾರಿಗೂ ಗೊತ್ತಿರಲಿಲ್ಲ. ಆ ಮನ್ಯಾಗ ನನ್ನ ಅಡಗಿ ಹೆಂಗಾಗೇತಿ ಅಂತ ಕೇಳೋರಿದ್ರು. ನನ್ನ ತಲ್ಯಾಗ ಏನೈತಿ ಅಂತ ಕೇಳೂದು ಆ ಗೂಡು ಒಂದ. ಅದೂ ಹೋತಂದ್ರ ನಾ ಆ ಮನ್ಯಾಗ ಬರೇ ರೊಟ್ಟಿ ಬಡಿಯಾಕಿ. ಇದು ಜಂಬದ ಮಾತಲ್ರಿ, ನನಗ ಖರೇನ ಹೆದರಿಕಿ ಇತ್ತು.

ಅದಕ್ಕ ಓದು ನಿಂತ ಮ್ಯಾಲ ನಾ ಸುಳ್ಳ ಹೇಳಾಕ ಹತ್ತಿದೆ. ಬಾಯಿಲೆ ಅಲ್ಲ, ಕಡ್ಡಿಲೆ. ಪುಸ್ತಕ ಗೂಡಿನಿಂದ ತಗೊಂಡು ಹೋಗೂದು, ನಾಕೈದ ದಿನ ನನ್ನ ಟ್ರಂಕಿನ ಮ್ಯಾಲ ಇಟ್ಟಕೊಳ್ಳೂದು, ನಟ್ಟ ನಡುವ ಎಲ್ಲ್ಯರೆ ಕಡ್ಡಿ ತುರಕಿ ತಿರುಗಿ ಇಡೂದು. ಒಂಬತ್ತ ತಿಂಗಳು ಹಿಂಗ ಮಾಡಿದೆ. ಪ್ರತಿ ಸಲಾನೂ ನಾ ಕಡ್ಡಿ ಇಟ್ಟಲ್ಲಿ ಅವರ ಗೆರಿ ಬೀಳತಿತ್ತು. ಒಮ್ಮೇನೂ "ಸುಳ್ಳು" ಅಂತ ಬರೀಲಿಲ್ಲ. ಓದದ ಇಟ್ಟ ಕಡ್ಡಿಗೂ ಹೌದು ಅನ್ನತಾರಲ್ಲ ಅಂತ ನನಗ ಒಳಗ ಕಸಿವಿಸಿ. ಕಸಿವಿಸಿ ಹೆಚ್ಚಾದಷ್ಟು ಸಿಟ್ಟು ಹೆಚ್ಚು. ನನ್ನ ಮ್ಯಾಲ ಬಂದ ಸಿಟ್ಟು ಪಾತ್ರಿ ಪಗಡಿ ಮ್ಯಾಲ ಹೋಗತಿತ್ತು.

ಪಂಚಮಿಗೆ ತವರಿಗೆ ಹೋದೆ. ಗೂಡಿನ್ಯಾಗಿನ ಪುಸ್ತಕ ಚೀಲದಾಗ ಹಾಕ್ಕೊಂಡ ಹೋಗಿದ್ದೆ, ಬಸ್ಸಿನ್ಯಾಗ ಓದಿದ್ರಾತು ಅಂತ. ಓದಲಿಲ್ಲ. ಗಜೇಂದ್ರಗಡದಾಗ ಎರಡ ದಿನ ಜೋಕಾಲಿ, ಉಂಡಿ, ಅಕ್ಕತಂಗ್ಯಾರ ಹರಟಿ. ನನ್ನ ತಂಗಿ ಚೀಲ ನೋಡಿ "ತವರಿಗೆ ಬಂದ್ರೂ ಮಾವನ ಮನಿ ಪುಸ್ತಕ ಬಿಡವಲ್ಲಿ" ಅಂತ ಚ್ಯಾಷ್ಟಿ ಮಾಡಿದ್ಲು. ಆಕಿ ಮ್ಯಾಲೂ ಹರಿಹಾಯ್ದೆ. ಪಾಪ, ಆಕಿಗೇನ ಗೊತ್ತು. ತಿರುಗಿ ಬಂದು ಪುಸ್ತಕ ತಗದು ಸೈತ ನೋಡದ ಒಂದ ಕಡ್ಡಿ ತುರಕಿ ಗೂಡಿನ್ಯಾಗ ಇಟ್ಟೆ. ಅದಾಗಿ ಹತ್ತ ದಿನಕ್ಕ ಮತ್ತೊಂದ ಪುಸ್ತಕ ಬಂತು. ಅದನ್ನೂ ನಾಕ ದಿನ ಇಟ್ಟಕೊಂಡು, ಕಡ್ಡಿ ಹಾಕಿ, ಗೂಡಿನ್ಯಾಗ ಇಡಾಕ ಹೋದೆ.

ಅತ್ತಿ ಅಲ್ಲೇ ಬತ್ತಿ ಹೊಸಕೋತ ಕುಂತಿದ್ರು. ತಲಿ ಎತ್ತದ ಕೇಳಿದ್ರು, "ಇದೊಂದನ್ನ ಎಷ್ಟ ಸಲ ಓದತಿ?"

"ಈಗಷ್ಟ ಓದೇನಲ್ರಿ" ಅಂದೆ.

"ಪಂಚಮಿಗೆ ಒಯ್ದು ತಂದಿದ್ದೂ ಇದ ಅಲ್ಲೇನು. ಪಂಚಮಿ ಮುಗದ ಶುಕ್ರವಾರ ದೀಪ ಹಚ್ಚೂ ಮುಂದ ನಾ ಇದನ್ನ ಸರಿಸಿ ಇಟ್ಟಿದ್ದೆ. ನೋಡಲ್ಲಿ, ನನ್ನ ಅರಿಷಿಣದ ಬಟ್ಟು."

ನೋಡಿದೆ. ಖಾಕಿ ಹಾಳಿ ಮ್ಯಾಲ ಎರಡು ಹಳದಿ ಬಟ್ಟಿನ ಗುರುತು. ಮಾವಾರು ಈ ವರ್ಷ ಹಾಳಿ ಮ್ಯಾಲ ಹೆಸರು ಬರೀತಿರಲಿಲ್ಲ, ಎಲ್ಲಾ ಪುಸ್ತಕ ಒಂದ ನಮೂನಿ ಕಾಣತಿದ್ದುವು. ಒಳಗ ತಗದು ನೋಡಿದ್ರ ಎಪ್ಪತ್ತೆರಡನೇ ಪುಟದಾಗ ಅವರ ಗೆರಿ ಆಗಲೇ ಬಿದ್ದಿತ್ತು, ನನ್ನ ಹಿಂದಿನ ಕಡ್ಡಿಗೆ. ಓದಾಕ ಬರೂ ನಾ ಗುರುತು ಹಿಡೀಲಿಲ್ಲ, ಅಕ್ಷರ ಬರದ ಅತ್ತಿ ಹಿಡದ್ರು. "ಚಲೋ ಇತ್ತಂತ ಎರಡನೇ ಸಲ ಓದಿದೇರಿ" ಅಂತ ಸುಳ್ಳಿನ ಮ್ಯಾಲ ಇನ್ನೊಂದ ಸುಳ್ಳು ಹೇಳಿ, ಪುಸ್ತಕ ಹಿಡಕೊಂಡ ಒಳಗ ಹೋದೆ.

ಒಳಗ ಹೋದ ಮ್ಯಾಲ ತಿಳೀತು, ಮಾವಾರು ನನ್ನ ಪರೀಕ್ಷಾ ಮಾಡಾಕತ್ತಾರ. ಕಳ್ಳೀನ ಹಿಡಿಯಾಕ ಅಂತ ಅದ ಪುಸ್ತಕ ಎರಡನೇ ಸಲ ಇಟ್ಟಾರ. ಸಾಲಿ ಮಾಸ್ತರ ಹುಡುಗರಿಗೆ ಮಾಡಿದಂಗ. ನನ್ನ ಮೈಯಾಗ ಅಂಥಾ ಸಿಟ್ಟು ಎಂದೂ ಬಂದಿರಲಿಲ್ಲ. ಇಪ್ಪತ್ತೆರಡ ವರ್ಷದ ಓದಿನ ಮ್ಯಾಲ ನನ್ನ ಪರೀಕ್ಷಾ ಮಾಡತೀರ್ಯಾ, ಮಾಡ್ರಿ. ಈ ಪುಸ್ತಕನ ಅಕ್ಷರ ಬಿಡದಂಗ ಓದತೇನಿ, ಇದರಾಗಿನ ಪ್ರತಿಯೊಂದ ತಪ್ಪಿಗೂ ಗೆರಿ ಎಳೀತೇನಿ, ಕಡ್ಡಿ ಒಂದಲ್ಲ ಹತ್ತ ಇಡತೇನಿ. ಮಾರನೇ ದಿನ ಮಧ್ಯಾಹ್ನ ಭಾಂಡೆ ತಿಕ್ಕೂದು ಬಿಟ್ಟು, ಹಿಂದಿನ ಕ್ವಾಣ್ಯಾಗ ಕಡ್ಲಿ ಚೀಲದ ಮ್ಯಾಲ ಹೋಗಿ ಕುಂತೆ.

ರಿಟೈರ್ ಆಗೂ ಒಬ್ಬ ಪೋಸ್ಟ್‌ಮನ್ನನ ಕಡೀ ವಾರದ ಕತಿ ಅದು. ಮೊದಲನೇ ಪುಟಾ ಐದ ಸಲ ಓದಿದೆ. ಹಲ್ಲ ಕಡಕೊಂಡ ಓದಿದೆ. ಆ ಪೋಸ್ಟ್‌ಮನ್ನನ ಮ್ಯಾಲೂ ಸಿಟ್ಟು, ಅಂವಾ ಸೈಕಲ್ ಒರಸೂದಕ್ಕ ಒಂದ ಪುಟಾ ಬೇಕಾ ಅಂತ. ಅವತ್ತು ಎಂಟ ಪುಟಾ ಆದುವು. ಎರಡನೇ ದಿನ ಹನ್ನೆರಡು. ಮೂರನೇ ದಿನ ಅಂವಾ ವಿಳಾಸ ಸಿಗದ ಒಂದ ಹಳೇ ಪತ್ರ ಕಿಸೆದಾಗ ಇಟ್ಟಕೊಂಡು ಊರೆಲ್ಲಾ ಅಡ್ಡಾಡತಿದ್ದ. ಒಡೀಲೋ ಬ್ಯಾಡೋ ಅಂತ ಅವನ ಜೀವ ಹೊಯ್ದಾಡತಿತ್ತು. ಆ ದಿನ ಗ್ಯಾಸ್ ಸಿಲಿಂಡರಿನಾಂವ ಬಾಗಲಾ ಬಡದು ಬಡದು ಹ್ವಾದನಂತ, ನನಗ ಕೇಳಲಿಲ್ಲ. ಸಂಜಿಕೆ ಅತ್ತಿ ಹೇಳಿದಾಗನ ನನಗ ಗೊತ್ತಾಗಿದ್ದು, ನಾ ಓದಾಕತ್ತೇನಿ ಅಂತ. ಖುಷಿ ಆಗಬೇಕಿತ್ತು. ಆಗಲಿಲ್ಲ, ಯಾಕಂದ್ರ ಮಾವಾರಿಗೆ ತೋರಸಿಕೊಡೂ ಹಟಾ ಇನ್ನೂ ಇಳದಿರಲಿಲ್ಲ.

ಐದನೇ ದಿನ ಸೋಮವಾರ. ಎಂಬತ್ತನೇ ಪುಟದ ಕಡೀ ಸಾಲಿನ್ಯಾಗ ಪೋಸ್ಟ್‌ಮನ್ ಪತ್ರ ಒಡದ. ಪುಟಾ ಹೊಳ್ಳಿ ಹಾಕಿದ್ರ ಅಂವಾ ಮತ್ತ ಚಹಾದಂಗಡಿ ಮುಂದ ಕುಂತಾನ, ಪತ್ರ ಕಿಸೆದಾಗ ಹಂಗ ಐತಿ. ನಾನ ತಪ್ಪಿದೆ ಅಂತ ಹಿಂದ ಮುಂದ ಹಾಳಿ ತಿರುವಿದೆ. ಪುಟದ ನಂಬರ್ ನೋಡಿದೆ. ಎಂಬತ್ತಾದ ಮ್ಯಾಲ ಮತ್ತ ಅರವತ್ತೈದು ಬಂದಿತ್ತು, ಅಲ್ಲಿಂದ ಎಂಬತ್ತರತನಕ ಅದ ಹದಿನಾರು ಪುಟಾ ಎರಡನೇ ಸಲ, ಆಮ್ಯಾಲ ಸೀದಾ ತೊಂಬತ್ತೇಳು. ಹೊಲಿಯೂ ಮುಂದ ಪ್ರೆಸ್ಸಿನವರು ತಪ್ಪಿದ್ರು. ಪತ್ರದಾಗ ಏನಿತ್ತೋ ಅದು ಪುಸ್ತಕದಾಗ ಇರಲೇ ಇಲ್ಲ. ತೊಂಬತ್ತೇಳನೇ ಪುಟದಾಗ ಅಂವಾ ಕಣ್ಣೀರ ಒರಸಿಕೊಂಡು ಬಸ್ ಹತ್ತತಿದ್ದ.

ಮೊದಲ ಪ್ರೆಸ್ಸಿನವರಿಗೆ ಬೈದೆ. ಆಮ್ಯಾಲ ಬೈಯೂದು ನಿಲ್ಲಿಸಿ ಹಾಳಿ ಮತ್ತ ಮೊದಲಿಂದ ತಿರುವಿದೆ. ಮಾವಾರು ಇಂಥಾ ತಪ್ಪು ಬಿಡೋರಲ್ಲ. ಒಂದ ಅಕ್ಷರ ತಪ್ಪಿದ್ರ ಪೆನ್ಸಿಲಿಲೆ ತಿದ್ದೋರು, ಹಾಳಿ ಹರದಿದ್ರ ಗದಗಿನ ಅಂಗಡಿಗೆ ಹೋಗಿ ಬದಲಿ ಮಾಡಿಸಿಕೊಂಡ ಬರೋರು. ಈ ಪುಸ್ತಕದಾಗ ಒಂದೂ ತಿದ್ದಿಲ್ಲ. ಎಪ್ಪತ್ತೆರಡನೇ ಪುಟಾ ಎರಡ ಸಲ ಬಂದೈತಿ, ಒಂದಕ್ಕ ಗೆರಿ ಹಾಕ್ಯಾರ, ಇನ್ನೊಂದ ಅವರಿಗೆ ಗೊತ್ತೇ ಇಲ್ಲ. ಆ ಗೆರಿನೂ ಅಂಚು ಬಿಟ್ಟು ಅಕ್ಷರದ ಮ್ಯಾಲ ಸೊಟ್ಟಗ ಹೋಗಿತ್ತು. ಹಾಳಿ ಮ್ಯಾಲ ಹೆಸರು ಬರೀದಿದ್ದು, "ಸುಳ್ಳು" ಅಂತ ಬರೀದಿದ್ದು, ಅದ ಪುಸ್ತಕ ಎರಡ ಸಲ ಇಟ್ಟಿದ್ದು, ಎಲ್ಲಾ ಒಮ್ಮಿಗೇ ತಿಳೀತು. ಪರೀಕ್ಷಾನೂ ಇಲ್ಲ ಏನೂ ಇಲ್ಲ. ಮಾವಾರಿಗೆ ಓದಾಕ ಬರವಲ್ದು.

ಅತ್ತಿ ಗುಡಿಗೆ ಹೋಗಿದ್ರು, ಮನಿಯವರು ನರಗುಂದಕ್ಕ. ನಾ ಪುಸ್ತಕ ಹಿಡಕೊಂಡು ಸೀದಾ ಪಡಸಾಲಿಗೆ ನಡದೆ. ಸೆರಗು ಎಲ್ಲಿತ್ತೋ ನೋಡಲಿಲ್ಲ. ಕುರ್ಚಿ ಮ್ಯಾಲ ಮಾವಾರು ಕುಂತಿದ್ರು, ತೊಡಿ ಮ್ಯಾಲ ಒಂದ ಪುಸ್ತಕ ತಗದಿತ್ತು. ನನ್ನ ಕಂಡು ಮುಖ ಆಕಡೆ ತಿರುವಿದ್ರು. ಈ ವರ್ಷ ನಾ ಎದುರು ಬಂದಾಗೆಲ್ಲಾ ಅವರು ಹಿಂಗ ಮುಖ ತಿರುವತಿದ್ರು, ವಯಸ್ಸಾದಂಗ ರೀತಿ ರಿವಾಜು ಹೆಚ್ಚಾಗೇತಿ ಅಂತ ನಾವೆಲ್ಲಾ ತಿಳಕೊಂಡಿದ್ವಿ. ಅವತ್ತು ಹತ್ತರ ನಿಂತು ನೋಡಿದೆ. ಮುಖ ಆಕಡೆ ಇತ್ತು, ಕಣ್ಣ ತುದಿ ನನ್ನ ಮ್ಯಾಲ ಇತ್ತು. ಅವರು ನನ್ನ ನೋಡಾಕನ ಮುಖ ತಿರುವತಿದ್ರು.

"ಮಾವಾರ, ಕಣ್ಣು ಕಾಣದ ಎಷ್ಟ ದಿನಾತ್ರಿ?" ಅಂದೆ. ಇಪ್ಪತ್ತೆರಡು ವರ್ಷದಾಗ ನಾ ಅವರಿಗೆ ಆಡಿದ ಮೊದಲನೇ ಮಾತು ಅದು. ಮೆತ್ತಗ ಕೇಳಬೇಕಿತ್ತು, ಜಗಳಕ್ಕ ಬಂದಾಕಿ ಗತೆ ಕೇಳಿದೆ.

ಅವರು ತೊಡಿ ಮ್ಯಾಲಿನ ಪುಸ್ತಕ ಮುಚ್ಚಿ ಬಾಗಲದ ಕಡೆ ಕಿವಿ ಕೊಟ್ರು. ಅತ್ತಿ ಬಂದು ಹೇಳಲಿ ಅಂತ ಕಾಯಾಕತ್ತಾರೇನೋ ಅನಿಸಿತು. ಆಮ್ಯಾಲ ಹೇಳಿದ್ರು, "ದೀಪಾವಳಿ ಆದ ಮ್ಯಾಲ ಗೌರಿ ಹುಣ್ಣಿವಿ ಬಂತಲ್ಲ, ಅದರ ಮುಂದಿಂದ. ನಟ್ಟ ನಡುವ ಕಪ್ಪ ಚುಕ್ಕಿ. ಬಾಜೂಕಿಂದ ಕಾಣತೈತಿ, ಎದರಿಗಿಂದು ಕಾಣಂಗಿಲ್ಲ. ಸಕ್ರಿ ಬ್ಯಾನಿಯಿಂದ ಆಗೇತಂತ."

"ಡಾಕ್ಟರಿಗೆ ತೋರಿಸಿರೇನು?"

"ಗದಗಿಗೆ ಹೋಗಿದ್ದೆ. ಬ್ಯಾಂಕಿನ ಕೆಲಸಂತ ಹೇಳಿ. ಬರೂ ಮುಂದ ಆ ಪುಸ್ತಕ ತಂದೆ."

"ಮನ್ಯಾಗ ಒಬ್ಬರಿಗೂ ಹೇಳಲಿಲ್ಲಲ್ರಿ. ಏನ ಮನಷ್ಯಾರ್ರಿ ನೀವು." ನನ್ನ ಧ್ವನಿ ಓಣಿಗೆ ಕೇಳೂವಂಗ ಏರಿತ್ತು. "ಕಾಣದ ಕಣ್ಣು ಇಟ್ಟಕೊಂಡು ಗೆರಿ ಹಾಕತಿದ್ರ್ಯಾ? ನಾ ಏನ ಕಡ್ಡಿ ಇಟ್ರೂ ಹೌದು ಅನ್ನತಿದ್ರ್ಯಾ?"

"ನೀ ಯಾವಾಗಿಂದ ಬಿಟ್ಟಿ?" ಅಂದ್ರು ಮಾವಾರು.

"ಏನ ಬಿಟ್ಟೇನ್ರಿ?"

"ಓದೂದು."

ಕೈಯಾಗಿನ ಪುಸ್ತಕ ಬೆನ್ನ ಹಿಂದ ಸರಿಸಿದೆ. ಮಾವಾರ ಮುಂದ ಹೇಳಿದ್ರು,

"ನೀ ಓದೂ ದಿನ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತತಿದ್ದುವು. ಇಪ್ಪತ್ತೊಂದ ವರ್ಷ ಕರಕಲ ರೊಟ್ಟಿ ತಿಂದೇನಿ. ದೀಪಾವಳಿಯಿಂದ ಈಚೆ ಈ ಮನ್ಯಾಗ ಒಂದ ರೊಟ್ಟಿ ಹೊತ್ತಿಲ್ಲ. ಎಲ್ಲಾ ಬೆಳ್ಳಗ, ಮೆತ್ತಗ. ನಿಮ್ಮ ಅತ್ತಿಗೆ ಖುಷಿ, ಸೊಸಿಗೆ ಈಗ ಬುದ್ಧಿ ಬಂತಂತ."

ಕುರ್ಚಿ ಹಿಡಕೊಂಡ ನಿಂತೆ. ನಗು ಬರತಿತ್ತೋ ಅಳು ಬರತಿತ್ತೋ, ಅದರ ಮ್ಯಾಲ ಸಿಟ್ಟಂತೂ ಇದ್ದಿತ್ತು. ಗೊತ್ತಿತ್ತು ಇವರಿಗೆ. ನನ್ನ ಕಡ್ಡಿ ಸುಳ್ಳಂತ ಗೊತ್ತಿದ್ದೂ ಕಾಣದ ಕಣ್ಣಿಲೆ ಗೆರಿ ಎಳದಾರ. "ಗೊತ್ತಿದ್ರ ಪುಸ್ತಕ ಇಡೂದು ಯಾಕ ಬಿಡಲಿಲ್ರಿ? ಇಬ್ಬರೂ ಓದವಲ್ಲಿವಿ, ಯಾವ ಸುಖಕ್ಕ ಇಟ್ರಿ?"

ಮಾವಾರು ಮುಖ ಇನ್ನಷ್ಟು ಆಕಡೆ ತಿರುವಿದ್ರು, ನನ್ನ ಪೂರಾ ನೋಡಬೇಕಂತ. "ಇಡೂದು ಬಿಟ್ಟಿದ್ರ ನೀನೂ ಬಿಡತಿದ್ದಿ, ಯವ್ವಾ. ಈ ಮನ್ಯಾಗ ನನ್ನ ಜೋಡಿ ಮಾತಾಡಾಕಿ ಅಂತ ಇರಾಕಿ ನೀ ಒಬ್ಬಾಕಿ."

ಒಂದ ಸಲಾನೂ ನನ್ನ ಜೋಡಿ ಬಾಯಿಬಿಟ್ಟು ಮಾತಾಡದ ಮನಷ್ಯಾ ಹೇಳಿದ ಮಾತು ಇದು. ಎರಡ ಮಾರು ದೂರದಾಗ ಇಪ್ಪತ್ತೆರಡು ವರ್ಷ ಇದ್ದು, ಬಾಯಿ ಬಿಡಾಕ ಅವರ ಕಣ್ಣು ಹೋಗಬೇಕಾಗಿತ್ತು. ಆ ಸಿಟ್ಟು ಯಾರ ಮ್ಯಾಲ ಹಾಕಲಿ, ಇವತ್ತಿಗೂ ನನಗ ತಿಳದಿಲ್ಲ. ಅತ್ತಿ ಗುಡಿಯಿಂದ ಬಂದು ಬಾಗಲದಾಗ ಚಪ್ಪಲಿ ಬಿಡೂ ಸಪ್ಪಳ ಕೇಳಿತು. ನಾ ಒಳಗ ಓಡಲಿಲ್ಲ. ಮಾವಾರ ಕಾಲ ಹತ್ತರ ನೆಲದ ಮ್ಯಾಲ ಕುಂತು, ಕೈಯಾಗಿನ ಪುಸ್ತಕದ ಮೊದಲನೇ ಪುಟಾ ತಗದು, ಗಟ್ಟಿ ಧ್ವನಿಲೆ ಓದಾಕ ಹತ್ತಿದೆ.